ನಾಲ್ಕನೇ ವಾಲ್ವ್ ಮುಚ್ಚಿದವಳು

ಕುಶಾಲನಗರ
ಭಾನುವಾರ, 21-9-2025

ಪ್ರೀತಿಯ ತಮ್ಮ ತೀರ್ಥಪ್ರಸಾದನಿಗೆ,

ಅಕ್ಕನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಆ ಮಾತನ್ನು ಬರೆಯದೆ ಬಿಟ್ಟಿದ್ದೇನೆ. ಪೂರ್ತಿ ಓದಿದ ಮೇಲೆ ಕ್ಷೇಮವೋ ಅಲ್ಲವೋ ನೀನೇ ಹೇಳು.

ನಿನ್ನ ಮೆಸೇಜುಗಳಿಗೆ ಉತ್ತರ ಕೊಡದೆ ಹನ್ನೆರಡು ದಿನವಾಯಿತು, ಅದು ನನ್ನ ತಪ್ಪೇ. ‘ಅಕ್ಕಾ ಸಿಟ್ಟಾ?’ ಎಂದು ಕೇಳಿ ನಾಲ್ಕು ಸಲ ಕೈಮುಗಿಯುವ ಚಿತ್ರ ಕಳಿಸಿದ್ದೀ. ಹೌದು, ಸಿಟ್ಟು. ಫೋನಿನಲ್ಲಿ ಹೇಳೋಣವೆಂದರೆ ನನಗೆ ಎರಡನೇ ಮಾತಿಗೇ ದನಿ ಏರುತ್ತದೆ, ನಿನ್ನನ್ನು ಅದೇ ಹೊತ್ತಿಗೆ ಯಾರೋ ಮೀಟಿಂಗಿಗೆ ಕರೆಯುತ್ತಾರೆ. ಕಾಗದವಾದರೆ ನೀನು ಫೋನಿನ ಹಾಗೆ ನಡುವೆ ಇಡಲಾರೆ. ನಿನ್ನ ಭಾವ ಏಲಕ್ಕಿ ನೋಡಿಕೊಂಡು ಬರುತ್ತೇನೆಂದು ಸೋಮವಾರಪೇಟೆಗೆ, ಅವರ ಅಣ್ಣನ ಮನೆಗೆ ಹೋಗಿದ್ದಾರೆ. ಮನೆಯಲ್ಲಿ ನಾನೊಬ್ಬಳೇ. ಬೆಳಿಗ್ಗೆ ಎಂಟಕ್ಕೆ ಕೂತಿದ್ದೇನೆ, ಇದು ಮೂರನೇ ಹಾಳೆ. ಮೊದಲಿನ ಎರಡನ್ನು ಹರಿದು ಒಲೆಗೆ ಹಾಕಿದೆ. ಅವುಗಳಲ್ಲಿ ಬರೀ ಬೈಗುಳ ಇತ್ತು.

ಅವ್ವನಿಗೆ ಇದನ್ನು ಓದಿ ಹೇಳಬೇಡ. ಯಮುನ ಏನು ಬರೆದಿದ್ದಾಳೆ ಎಂದು ಕೇಳಿದರೆ ಮಳೆ ಬಿಟ್ಟಿಲ್ಲವಂತೆ ಎನ್ನು. ಅದು ಸುಳ್ಳೇನೂ ಅಲ್ಲ.

ನಮ್ಮ ನಾಲ್ಕನೇ ನಂಬರಿನ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ಗೊತ್ತಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎಂದು ಇನ್ನೂ ನಂಬಿಕೊಂಡಿದ್ದೇನೆ. ಆದ್ದರಿಂದ ಮೊದಲಿನಿಂದ ಕೇಳು.

ನಮ್ಮ ಗ್ಯಾಸ್ ಪ್ಲಾಂಟಿನಲ್ಲಿ ಬೆಂಕಿ ಬಿದ್ದರೆ ನೀರು ಸುರಿಸುವ ಏಳು ಡೆಲ್ಯೂಜ್ ವಾಲ್ವುಗಳಿವೆ. ಆರು ಒಳ್ಳೆಯ ಮಕ್ಕಳ ಹಾಗೆ ಇವೆ. ಟ್ಯಾಂಕರ್ ಬಂದು ಗ್ಯಾಸ್ ಇಳಿಸುವ ಶೆಡ್ಡಿನದು ನಾಲ್ಕನೆಯದು. ಆ ಶೆಡ್ಡಿನಲ್ಲಿ ಟ್ಯಾಂಕರಿನ ಚಕ್ರಕ್ಕೆ ಮರದ ತುಂಡು ಕೊಡುವ, ನೆಲ ಗುಡಿಸುವ ಸಿದ್ದಮ್ಮ ಎಂಬವಳಿದ್ದಾಳೆ. ಅವಳ ಅತ್ತೆ ಮಾವ ಪಿರಿಯಾಪಟ್ಟಣದ ಕಡೆಯಿಂದ ಬಂದು ಕೂಡಿಗೆಯ ಹತ್ತಿರ ನೆಲೆಸಿದವರು. ಕೆಲಸಕ್ಕೆ ಸೇರಿದ ವಾರದಲ್ಲೇ ತಲೆಯೆತ್ತಿ ನೋಡಿ, “ಅಕ್ಕೋ, ಮ್ಯಾಲಿನ್ ಪೈಪಲ್ಲಿ ಇಷ್ಟೊಂದ್ ತೂತವೆ, ಒಂದ್ರಲ್ಲೂ ನೀರಿಲ್ವಲ್ಲ?” ಎಂದು ಕೇಳಿದ್ದಳು. ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ನಾನು ಹೇಳಿದೆ: ನೀರೆಲ್ಲಾ ಕೆಳಗೆ ವಾಲ್ವಿನ ಹಿಂದೆ ಕಾದು ನಿಂತಿದೆ. ಮೇಲೆ ಇನ್ನೊಂದು ಸಣ್ಣ ಪೈಪಿನಲ್ಲಿ ಗಾಳಿ ತುಂಬಿದೆ, ಅದಕ್ಕೆ ಅಲ್ಲಲ್ಲಿ ಬೆರಳುದ್ದದ ಗಾಜಿನ ಬಲ್ಬುಗಳಿವೆ. ಬೆಂಕಿಯ ಕಾವು ತಗುಲಿದರೆ ಗಾಜು ಒಡೆಯುತ್ತದೆ, ಗಾಳಿ ಹೊರಗೆ ಹೋಗುತ್ತದೆ, ಕೂಡಲೇ ವಾಲ್ವ್ ಬಾಯಿ ಬಿಟ್ಟು ಎಲ್ಲಾ ತೂತುಗಳಿಂದಲೂ ಒಂದೇ ಸಲಕ್ಕೆ ನೀರು ಸುರಿಯುತ್ತದೆ.

“ಹಂಗಾರೆ ಯಾರೂ ಇಲ್ದಿದ್ರೂ ಅದೇ ನೋಡ್ಕತದೆ,” ಎಂದಳು.

“ನೋಡಿಕೊಳ್ಳುತ್ತದೆ. ಆದರೆ ಕೆಳಗೆ ಈ ದೊಡ್ಡ ಚಕ್ರದ ವಾಲ್ವ್ ತೆರೆದಿದ್ದರೆ ಮಾತ್ರ. ಇದನ್ನು ಮುಚ್ಚಿದರೆ ಮೇಲಿನದು ಬಾಯಿ ಬಿಟ್ಟೂ ಪ್ರಯೋಜನವಿಲ್ಲ. ಎಡಕ್ಕೆ ತಿರುಗಿಸಿದರೆ ತೆರೆಯುತ್ತದೆ, ಬಲಕ್ಕೆ ತಿರುಗಿಸಿದರೆ ಮುಚ್ಚುತ್ತದೆ,” ಎಂದು ತೋರಿಸಿದೆ. ಚಕ್ರದ ಮೇಲೆ ಕೈಯಿಟ್ಟು ಎಡ ಬಲ ಎರಡನ್ನೂ ನೋಡಿಕೊಂಡು ಹೋದಳು.

ಎರಡು ವರ್ಷದ ಹಿಂದೆ ಈ ನಾಲ್ಕನೆಯದರ ಒಳಗಿನ ರಬ್ಬರು ಗಟ್ಟಿಯಾಗಿ ಬಿರುಕು ಬಿಡಲು ಶುರುವಾಯಿತು. ಮೇನ್ ಲೈನಿನ ಒತ್ತಡ ಒಂದಿಷ್ಟು ಏರಿಳಿದರೂ ಸಾಕು, ಬೆಂಕಿ ಇಲ್ಲ, ಹೊಗೆ ಇಲ್ಲ, ಶೆಡ್ಡಿನ ತುಂಬ ಜಡಿಮಳೆ. ಕಳೆದ ಮಳೆಗಾಲದಲ್ಲಿ ಹದಿನಾಲ್ಕು ಸಲ ಹಾಗಾಯಿತು. ಒಂದು ಸಲ ಟ್ಯಾಂಕರ್ ಡ್ರೈವರ್ ನಾಗರಾಜು ಶೆಡ್ಡಿನ ಅಂಚಿನಲ್ಲಿ ಊಟದ ಡಬ್ಬಿ ತೆರೆದು ಕೂತಿದ್ದ, ಅನ್ನದ ಮೇಲೆಯೇ ಸುರಿಯಿತು. ಪಾಪ, ಅವನು ಬೈಯಲಿಲ್ಲ. “ಮೇಡಂ, ಸಾರು ಜಾಸ್ತಿ ಆಯ್ತು!” ಎಂದು ಕೂಗಿದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಪ್ರತಿ ಸಲವೂ ಪಂಪ್ ನಿಲ್ಲಿಸಿ, ಲೈನ್ ಖಾಲಿ ಮಾಡಿ, ವಾಲ್ವನ್ನು ಮತ್ತೆ ಕೂರಿಸಿ, ಗಾಳಿ ತುಂಬಿಸಲು ನನಗೆ ಎರಡು ಗಂಟೆ ಬೇಕು. ಅಷ್ಟು ಹೊತ್ತು ಟ್ಯಾಂಕರುಗಳು ಗೇಟಿನಾಚೆ ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿರುತ್ತವೆ.

ನಮ್ಮ ಮ್ಯಾನೇಜರ್ ದೇವರಾಜು ಅವರನ್ನು ನೀನು ನೋಡಿದ್ದೀಯಲ್ಲ. ಕೆಟ್ಟ ಮನುಷ್ಯರಲ್ಲ. ಆದರೆ ಅವರಿಗೆ ಒಮ್ಮೆ ಒಂದು ಕಾರಣ ಸಿಕ್ಕಿತೆಂದರೆ ಅದನ್ನು ಬಿಡುವುದಿಲ್ಲ. ಹೋದ ವರ್ಷ ನಿಜವಾಗಿಯೂ ಒಂದು ಕೋತಿ ಪೈಪಿಗೆ ಜೋತುಬಿದ್ದು ಬಲ್ಬ್ ಒಡೆದಿತ್ತು. ಅವತ್ತಿನಿಂದ ಎಲ್ಲದಕ್ಕೂ ಕೋತಿಯೇ.

“ಸಾರ್, ಹನ್ನೆರಡು ಬಲ್ಬುಗಳೂ ಸರಿಯಾಗಿವೆ. ರಬ್ಬರು ಹೋಗಿದೆ.”

“ಕೋತೀನೇ ಕಣ್ರೀ. ಇನ್ನೊಂದ್ಸಲ ನೋಡಿ.”

“ನೋಡಿಯೇ ಬಂದೆ ಸಾರ್.”

“ಓಡಿಹೋಗಿರುತ್ತೆ.”

ಹೊಸ ರಬ್ಬರಿಗೆ, ಇಲ್ಲದಿದ್ದರೆ ಹೊಸ ವಾಲ್ವಿಗೆ ಎಂದು ಮೇಲಿನ ಕಚೇರಿಗೆ ಐದು ಸಲ ಇಂಡೆಂಟ್ ಬರೆದೆ. ಮೊದಲನೆಯದಕ್ಕೆ ಮುಂದಿನ ತಿಂಗಳು ಎಂದರು. ಎರಡನೆಯದಕ್ಕೆ ಫೋಟೊ ಕಳಿಸಿ ಎಂದರು. ಫೋಟೊ ಕಳಿಸಿದರೆ ಸ್ಪಷ್ಟವಾಗಿಲ್ಲ ಎಂದರು. ವಾಲ್ವನ್ನು ಬಿಚ್ಚಿ, ಬಿರುಕಿನ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದು ಕಳಿಸಿದೆ. ಅದಕ್ಕೆ, ಅನುಮತಿಯಿಲ್ಲದೆ ಬಿಚ್ಚಿದ್ದು ಯಾಕೆ ಎಂದು ಕೇಳಿದರು. ಐದನೆಯದಕ್ಕೆ ಉತ್ತರವೇ ಬರಲಿಲ್ಲ. ಇಪ್ಪತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ನನ್ನ ತಲೆ ಅಷ್ಟು ಕೆಟ್ಟದ್ದು ನೆನಪಿಲ್ಲ. ಮನೆಯಲ್ಲಿ ಬಡಬಡಿಸುತ್ತಿದ್ದರೆ ನಿನ್ನ ಭಾವ, “ನಿಂಗೆ ಎಂತಕೆ ಇದೆಲ್ಲ? ವಾಲ್ವ್ ಎಂತ ನಿನ್ನ ಮದುವೆಲಿ ಕೊಟ್ಟದಾ?” ಎನ್ನುತ್ತಾರೆ.

ಜುಲೈ ಕೊನೆಯಲ್ಲಿ ಒಂದು ದಿನ ಮೂರು ಟ್ಯಾಂಕರುಗಳು ಸಾಲಿನಲ್ಲಿ ನಿಂತಿದ್ದಾಗ ಮತ್ತೆ ಸುರಿಯಿತು. ದೇವರಾಜು ಸಾರ್ ಕೊಡೆ ಹಿಡಿದುಕೊಂಡು ಪಂಪ್‌ಹೌಸಿಗೆ ಬಂದರು.

“ಯಮುನಾ, ಕೆಳಗಿನ್ ವಾಲ್ವ್ ಮುಚ್ಚಾಕಿ. ಸಾಕಾಗೋಯ್ತು.”

“ಮುಚ್ಚಿದರೆ ಶೆಡ್ಡಿಗೆ ನೀರೇ ಇಲ್ಲ ಸಾರ್.”

“ಬೆಂಕಿ ಬಿದ್ರೆ ತಾನೇ ನೀರು? ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ಬಿದ್ದಿದೆಯೇನ್ರೀ?”

“ಬರೆದು ಕೊಡಿ.”

“ಬರೆಯೋದೇನ್ ಬಂತು, ನಾನ್ ಹೇಳ್ತಿದ್ದೀನಲ್ಲ? ನೀವ್ ಮುಚ್ಚದಿದ್ರೆ ಬೇರೆಯವ್ರ ಕೈಲಿ ಮುಚ್ಚಿಸ್ತೀನಿ.”

ತೀರ್ಥ, ಇಲ್ಲಿ ನಾನು ಏನು ಮಾಡಿದೆ ಎಂಬುದನ್ನು ಸರಿಯಾಗಿ ಓದು. ಬೇರೆಯವರು ಮುಚ್ಚಿದರೆ ಯಾರಿಗೂ ಗೊತ್ತಾಗದಂತೆ ಮುಚ್ಚುತ್ತಾರೆ. ನಾನು ಮುಚ್ಚಿದರೆ ಮುಚ್ಚಿದೆ ಎಂದು ಬರೆದಿಡಬಹುದು. ಆದ್ದರಿಂದ ನಾನೇ ಮುಚ್ಚಿದೆ. ಇಪ್ಪತ್ತೆಂಟು ಸುತ್ತು. ಲಾಗ್‌ಬುಕ್ಕಿನಲ್ಲಿ ‘ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದಂತೆ ಮುಚ್ಚಿದೆ’ ಎಂದು ಬರೆದು ಸಹಿ ಹಾಕಿದೆ. ಚಕ್ರಕ್ಕೆ ಅಂಗೈಯಗಲದ ಕೆಂಪು ಚೀಟಿ ಕಟ್ಟಿದೆ: ‘ಮುಚ್ಚಿದೆ. ಟ್ಯಾಂಕರ್ ಶೆಡ್ಡಿಗೆ ನೀರಿಲ್ಲ. ಯಮುನ, ಫೈರ್ ಪಂಪ್ ಆಪರೇಟರ್.’ ಟ್ಯಾಂಕರ್ ಇಳಿಸುವಾಗಲೆಲ್ಲಾ ನಾನು ಆ ಚಕ್ರದ ಹತ್ತಿರವೇ ನಿಲ್ಲುತ್ತೇನೆ ಎಂದು ನನಗೆ ನಾನೇ ನಿಯಮ ಮಾಡಿಕೊಂಡೆ. ಹಾಗೆಂದು ನಾನು ಮಾಡಿದ್ದು ಸರಿ ಎನ್ನುತ್ತಿಲ್ಲ. ಮುಚ್ಚಬಾರದಿತ್ತು. ಗಲಾಟೆ ಮಾಡಿ ಮನೆಗೆ ಹೋಗಬೇಕಿತ್ತು. ಆದರೆ ಆಗಸ್ಟಿನಲ್ಲಿ ಸೇಫ್ಟಿ ಆಡಿಟ್ ಬರುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಐದು ಇಂಡೆಂಟಿಗೆ ಅಲ್ಲಾಡದವರು ಆಡಿಟ್ ವರದಿಯ ಒಂದು ಸಾಲಿಗೆ ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕು. ಆಡಿಟರ್ ಬರಲಿ, ಚೀಟಿ ನೋಡಲಿ, ಬರೆಯಲಿ ಎಂದು ದಿನ ಎಣಿಸುತ್ತಾ ಕೂತಿದ್ದೆ. ಚೀಟಿ ಮಳೆಗೆ ಬಣ್ಣ ಬಿಟ್ಟರೆ ಹೊಸದನ್ನು ಕಟ್ಟುತ್ತಿದ್ದೆ.

ಬಂದವನು ನೀನು!

ನಿಮ್ಮ ಕಂಪನಿಯ ಸೀನಿಯರ್ ಆಡಿಟರಿಗೆ ಜ್ವರವಂತೆ, ಅವರ ಬದಲಿಗೆ ನೀನು. ಸಂಬಂಧಿಕರು ಕೆಲಸ ಮಾಡುವ ಕಡೆ ಆಡಿಟಿಗೆ ಹೋಗಬಾರದೆಂಬ ನಿಯಮ ನಿಮ್ಮಲ್ಲಿ ಉಂಟೆಂದು ನೀನೇ ಒಮ್ಮೆ ಹೇಳಿದ್ದೆ. ಒಂದು ಮಾತು ಹೇಳಿ ವಾಪಸು ಹೋಗಬಹುದಿತ್ತು. ನಾನೂ ಅವತ್ತು ಹೇಳಲಿಲ್ಲ, ನಿಜ. ನೀಲಿ ಹೆಲ್ಮೆಟ್ ಹಾಕಿಕೊಂಡು, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ ಹಿಡಿದು, ದೇವರಾಜು ಸಾರ್ ಹಿಂದೆ ಮುಂದೆ ಓಡಾಡುತ್ತಿರುವಾಗ ನಡುವೆ ನೀನು ನಡೆದು ಬರುತ್ತಿದ್ದುದನ್ನು ನೋಡಿ ನನಗೆ ಹೆಮ್ಮೆಯಾಯಿತು. ಎಲ್ಲರ ಮುಂದೆ ನಾನು ‘ಸಾರ್’ ಎಂದೆ. ನೀನು ತುಟಿ ಕಚ್ಚಿಕೊಂಡು ನಗು ತಡೆದೆ. ಇನ್ನೇನು, ನನ್ನ ತಮ್ಮನೇ ಬಂದ ಮೇಲೆ ನಾಲ್ಕನೇ ನಂಬರಿನ ಕಥೆ ಮುಗಿಯಿತು ಎಂದುಕೊಂಡೆ.

ದೇವರಾಜು ಸಾರ್ ಫೋನ್ ಬಂತೆಂದು ಹೊರಗೆ ಹೋದಾಗ ನಾವಿಬ್ಬರೇ ಶೆಡ್ಡಿನಲ್ಲಿದ್ದೆವು. ನೀನು ಚೀಟಿ ನೋಡಿದೆ. ಬಗ್ಗಿ ನನ್ನ ಹೆಸರು ಓದಿದೆ. ಮುಖ ಬೆಳ್ಳಗಾಯಿತು. ಆಮೇಲೆ ದಾರ ಬಿಚ್ಚಿ ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, “ಅಕ್ಕಾ, ನೀ ಸುಮ್ನೆ ಇರ್. ಇದ್ ನಂಗೆ ಬಿಡ್,” ಎಂದೆ.

ನಾನು ಎಂಥ ದಡ್ಡಿ ನೋಡು. ವರದಿಗೆ ಸಾಕ್ಷಿಯಾಗಿ ತೆಗೆದುಕೊಂಡೆಯೆಂದು ತಿಳಿದೆ! ಅವತ್ತು ಮನೆಗೆ ಬಂದವಳೇ ನಾಟಿ ಕೋಳಿ ಸಾರು, ಕಡುಬು ಮಾಡಿದೆ. ಮೂರು ಸಲ ಬಡಿಸಿಕೊಂಡು ತಿಂದೆ ನೀನು, ಮಗಳು ಮೋಕ್ಷಿತಾಳ ಶಾಲೆಯ ಸುದ್ದಿ ಹೇಳಿದೆ, ಅವ್ವನ ಮಂಡಿನೋವಿನ ಸುದ್ದಿ ಹೇಳಿದೆ, ವಾಲ್ವಿನ ಬಗ್ಗೆ ಒಂದಕ್ಷರ ಎತ್ತಲಿಲ್ಲ. ಕೆಲಸದ ಮಾತನ್ನು ಮನೆಯಲ್ಲಿ ಆಡಬಾರದೆಂಬ ಶಿಸ್ತು ಇರಬೇಕು ಎಂದು ನಾನೂ ಎತ್ತಲಿಲ್ಲ.

ವರದಿ ಸೆಪ್ಟೆಂಬರ್ ಮೊದಲ ವಾರ ಬಂತು, ಕೈಲು ಮುಹೂರ್ತದ ಹಬ್ಬದ ಮಾರನೇ ದಿನ. ದೇವರಾಜು ಸಾರ್ ಎಲ್ಲರಿಗೂ ಮೈಸೂರು ಪಾಕ್ ಹಂಚಿದರು. “ನೋಡ್ರೀ ಯಮುನಾ, ನೂರಕ್ಕೆ ತೊಂಬತ್ತಾರು!” ನಾನು ಹಾಳೆ ಮಗುಚಿ ನನ್ನ ಸಾಲು ಹುಡುಕಿದೆ. ‘ನಾಲ್ಕನೇ ಡೆಲ್ಯೂಜ್ ವಾಲ್ವ್: ಚಾಲ್ತಿಯಲ್ಲಿದೆ. ತೃಪ್ತಿಕರ.’ ಕೆಳಗೆ ನಿನ್ನ ಸಹಿ. ಎರಡು ಸಲ ಓದಿದೆ. ಬೇರೆ ಪ್ಲಾಂಟಿನ ಹಾಳೆ ಸೇರಿಕೊಂಡಿರಬೇಕೆಂದು ಮೇಲೆ ಹೆಸರನ್ನೂ ನೋಡಿದೆ. ಶೆಡ್ಡಿಗೆ ಹೋಗಿ ಚಕ್ರವನ್ನೂ ನೋಡಿ ಬಂದೆ, ಯಾರಾದರೂ ತೆರೆದಿದ್ದಾರೋ ಏನೋ ಎಂದು. ಮುಚ್ಚಿಯೇ ಇತ್ತು.

ನಿನಗೆ ಫೋನ್ ಮಾಡಿದಾಗ ನೀನು ಹೇಳಿದ್ದು ನೆನಪಿದೆಯಾ? “ಅಕ್ಕಾ, ಚೀಟಿಲಿ ನಿನ್ನ ಹೆಸರು ಇತ್ತ್. ಬರೆದಿದ್ದರೆ ನಿನ್ನ ಕೆಲಸ ಹೋಗ್ತಿತ್ತ್. ಇನ್ನು ಒಂಬತ್ತು ವರ್ಷ ಸರ್ವೀಸ್ ಬಾಕಿ ಉಟ್ಟು.” ನಾನು ಬಾಯಿ ತೆರೆಯುವಷ್ಟರಲ್ಲಿ ಮೀಟಿಂಗ್.

ಆಮೇಲೆ ಇಲ್ಲಿ ನಡೆದದ್ದನ್ನು ಯಾರಿಗಾದರೂ ಹೇಳಿದರೆ ನಂಬುವುದಿಲ್ಲ. ನಾನು ಹೊಸ ಚೀಟಿ ಕಟ್ಟಿದೆ, ಸಂಜೆಯೊಳಗೆ ದೇವರಾಜು ಸಾರ್ ಬಿಚ್ಚಿಸಿದರು. “ಆಡಿಟ್‌ನಲ್ಲೇ ಚಾಲ್ತಿಯಲ್ಲಿದೆ ಅಂದ್ಮೇಲೆ ಚೀಟಿ ಯಾಕ್ರೀ?”

“ಹಾಗಾದರೆ ವಾಲ್ವ್ ತೆರೆಯಲಾ ಸಾರ್?”

“ಬೇಡಬೇಡ, ತೆರೆದ್ರೆ ಮತ್ತೆ ಸುರಿಯುತ್ತೆ.”

“ಮತ್ತೆ ವರದಿಯಲ್ಲಿ ತೆರೆದಿದೆ ಎಂದು ಇದೆಯಲ್ಲ?”

“ವರದೀಲಿ ತೆರೆದಿರ್ಲಿ ಬಿಡಿ.”

ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು. ನಿಮ್ಮ ತಮ್ಮ ಒಳ್ಳೆಯವರು ಎಂದು ಬೇರೆ ಹೇಳಿದರು. ನಾವು ಅಕ್ಕ ತಮ್ಮ ಎಂದು ನೀನೇ ಅವರಿಗೆ ಹೇಳಿದ್ದೀ ಎಂದು ಆಗ ಗೊತ್ತಾಯಿತು.

ಸೆಪ್ಟೆಂಬರ್ ಒಂಬತ್ತು, ಮಂಗಳವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾಗರಾಜುವಿನ ಟ್ಯಾಂಕರ್ ಇಳಿಯುತ್ತಿತ್ತು. ನಾನು ಚಕ್ರದ ಹತ್ತಿರ ನಿಂತಿದ್ದೆ. ಆಫೀಸಿನಿಂದ ಕರೆ ಬಂತು, ಕೂಡಲೇ ಬರಬೇಕೆಂದು. ಟ್ಯಾಂಕರ್ ಇಳಿದ ಮೇಲೆ ಬರುತ್ತೇನೆ ಎಂದೆ. ಇಲ್ಲ, ಮೇಲಿನ ಕಚೇರಿಯವರು ಫೋನಿನಲ್ಲಿ ಕಾಯುತ್ತಿದ್ದಾರೆ ಎಂದರು. ಹೋದೆ. ಯಾಕೆ ಕರೆದದ್ದು ಗೊತ್ತಾ? ನನ್ನ ಐದನೇ ಇಂಡೆಂಟ್ ರದ್ದು ಮಾಡಲು ನನ್ನ ಸಹಿ ಬೇಕಿತ್ತು. ವಾಲ್ವ್ ತೃಪ್ತಿಕರ ಎಂದ ಮೇಲೆ ಹೊಸದರ ಇಂಡೆಂಟ್ ಯಾಕೆ ಬಾಕಿ ಇರಬೇಕು ಎಂದು ಕೇಳಿದರಂತೆ. ಸಹಿ ಹಾಕುವುದಿಲ್ಲ ಎಂದು ನಾನು, ಹಾಕಿ ಎಂದು ಅವರು. ಆ ಹೊತ್ತಿಗೆ ಶೆಡ್ಡಿನ ಕಡೆಯಿಂದ ಕೂಗು ಕೇಳಿಸಿತು.

ಕಿಟಕಿಯಲ್ಲಿ ನೋಡಿದರೆ ನೆಲದ ಮೇಲೆ ಬೆಳ್ಳಗೆ ಮಂಜು ಹರಿಯುತ್ತಿದೆ. ನಮ್ಮೂರಿನಲ್ಲಿ ಮಂಜು ಹೊಸದಲ್ಲ, ಆದರೆ ಬಿಸಿಲಿರುವಾಗ ಮೊಣಕಾಲೆತ್ತರಕ್ಕೆ ಹರಿಯುವ ಮಂಜು ಗ್ಯಾಸಿನದು ಮಾತ್ರ. ಗ್ಯಾಸ್ ಇಳಿಸುವ ಹೋಸ್ ಪೈಪಿನ ಜೋಡಣೆ ಬಿಟ್ಟಿತ್ತು. ಗಾಳಿ ರಸ್ತೆಯ ಕಡೆಗೆ ಬೀಸುತ್ತಿತ್ತು. ರಸ್ತೆಯಾಚೆಯ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರು ಬೀಜ ಆರಿಸುತ್ತಿರುತ್ತಾರೆ, ಅವರ ಕ್ಯಾಂಟೀನಿನಲ್ಲಿ ಆ ಹೊತ್ತಿಗೆ ಒಲೆ ಉರಿಯುತ್ತಿರುತ್ತದೆ. ನನಗೆ ಕಂಡದ್ದು ಆ ಒಲೆಯೊಂದೇ.

ನಾನು ಓಡಿದೆ. ಐವತ್ತಕ್ಕೆ ಒಂದು ಕಮ್ಮಿ ವಯಸ್ಸು, ಸೇಫ್ಟಿ ಬೂಟು, ನೂರಿಪ್ಪತ್ತು ಮೀಟರ್. ಓಡುವಾಗ ಬಾಯಲ್ಲಿ ಇಪ್ಪತ್ತೆಂಟು, ಇಪ್ಪತ್ತೆಂಟು ಎಂದೇ ಬರುತ್ತಿತ್ತು. ಇಪ್ಪತ್ತೆಂಟು ಸುತ್ತು ತೆರೆಯುವಷ್ಟರಲ್ಲಿ ಏನು ಬೇಕಾದರೂ ಆಗಬಹುದು. ಶೆಡ್ಡಿನ ಹತ್ತಿರ ಹೋದರೆ ಸಿದ್ದಮ್ಮ ಆಗಲೇ ಚಕ್ರಕ್ಕೆ ಕೈಹಾಕಿದ್ದಾಳೆ! ಸೀರೆ ಸೊಂಟಕ್ಕೆ ಕಟ್ಟಿ, ಹಲ್ಲು ಕಚ್ಚಿ, ಎಡಕ್ಕೆ ತಿರುಗಿಸುತ್ತಿದ್ದಾಳೆ. “ಒಂಬತ್ತಾಯ್ತು ಕಣಕ್ಕೋ, ಬಾ!” ಎಂದಳು. ಯಾರೂ ಹೇಳಿರಲಿಲ್ಲ. ಉಳಿದವರೆಲ್ಲಾ ಗೇಟಿನ ಕಡೆ ಓಡಿದ್ದರು. ಓಡಬೇಕಾದದ್ದೇ, ಅವರದೇನೂ ತಪ್ಪಿಲ್ಲ. ನಾನು ಎದುರು ಬದಿಯಿಂದ ಹಿಡಿದೆ. ಇಬ್ಬರೂ ಸೇರಿ ಉಳಿದ ಹತ್ತೊಂಬತ್ತು ತಿರುಗಿಸಿದೆವು. ಬೆಂಕಿಯಿಲ್ಲದೆ ಬಲ್ಬ್ ಒಡೆಯುವುದಿಲ್ಲವಲ್ಲ, ಆಮೇಲೆ ನಾನೇ ಡೆಲ್ಯೂಜಿನ ಹಿಡಿಕೆ ಎಳೆದೆ. ಒಂದು ಕ್ಷಣ ಏನೂ ಇಲ್ಲ. ನಂತರ ಪೈಪು ಗುಡುಗಿತು, ಶೆಡ್ಡಿನ ತುಂಬ ನೀರು. ಆ ಬಿಳಿ ಮಂಜು ಮುಂದೆ ಹರಿಯುವುದು ನಿಂತು, ನೀರಿನ ಹೊಡೆತಕ್ಕೆ ಚೆದುರಿ ತೆಳ್ಳಗಾಗುತ್ತಾ ಹೋಯಿತು.

ನಾಗರಾಜು ಓಡಿರಲಿಲ್ಲ. ಟ್ಯಾಂಕರಿನ ಹಿಂದೆ ಮಂಡಿಯೂರಿ ಕೂತು ಬರಿಗೈಯಲ್ಲಿ ಟ್ಯಾಂಕರಿನ ವಾಲ್ವ್ ತಿರುಗಿಸಿ ಮುಚ್ಚುತ್ತಿದ್ದ. ಮುಚ್ಚಿದ ಕೂಡಲೇ ಸೋರುವುದು ನಿಂತಿತು. ಅವನು ಕೈ ಬಿಡಿಸಿಕೊಳ್ಳಲು ಹೋದರೆ ಬೆರಳು ಲೋಹಕ್ಕೆ ಅಂಟಿಕೊಂಡಿತ್ತು. ಗ್ಯಾಸಿನ ಚಳಿ ಬೆಂಕಿಗಿಂತ ಕಮ್ಮಿಯೇನಲ್ಲ ಎಂದು ನಿನಗೆ ಹೇಳಬೇಕಾಗಿಲ್ಲ. ನೀರು ಹಾಕಿ ಹಾಕಿ ಬಿಡಿಸಿದೆವು. ಬಲಗೈಯ ಎರಡು ಬೆರಳಿನ ತುದಿ ತೆಗೆಯಬೇಕಾಯಿತು. ಮಡಿಕೇರಿಯ ಆಸ್ಪತ್ರೆಗೆ ನಾನೂ ಸಿದ್ದಮ್ಮನೂ ಎರಡು ಸಲ ಹೋಗಿ ಬಂದೆವು. “ಸ್ಟೇರಿಂಗ್ ಹಿಡಿಯೋಕೆ ಎಂಟು ಸಾಕು ಮೇಡಂ,” ಎನ್ನುತ್ತಾನೆ. ಅವನ ಹೆಂಡತಿ ಮಾತ್ರ ನನ್ನ ಮುಖ ನೋಡಲಿಲ್ಲ. ನೀರು ಮೊದಲೇ ಬಂದಿದ್ದರೆ ಅವನು ಅಷ್ಟು ಹೊತ್ತು ಒಬ್ಬನೇ ಅಲ್ಲಿ ಕೂತಿರಬೇಕಾಗಿರಲಿಲ್ಲ ಎಂದು ಅವಳಿಗೆ ಯಾರೋ ಹೇಳಿದ್ದಾರೆ. ಹೇಳಿದವರು ಸುಳ್ಳು ಹೇಳಿಲ್ಲ.

ಈಗ ಹೊಸ ಸುದ್ದಿ. ಎರಡು ವರ್ಷ ಬಾರದಿದ್ದ ಹೊಸ ವಾಲ್ವ್ ನಾಲ್ಕು ದಿನದಲ್ಲಿ ಬಂತು. ರಟ್ಟಿನ ಪೆಟ್ಟಿಗೆಯಲ್ಲಿ, ಫಳಫಳ ಹೊಳೆಯುವ ಬಣ್ಣ. ನಾನೇ ಕೂರಿಸಿದೆ, ಮೂರು ಸಲ ಪರೀಕ್ಷೆ ಮಾಡಿದೆ, ಮ್ಯಾನೇಜರ್ ಮುಂದೆ ನಿಂತು ನೋಡಿದರು. ಕೆಳಗಿನ ಚಕ್ರ ಈಗ ತೆರೆದ ಸ್ಥಿತಿಯಲ್ಲಿ ಸರಪಳಿ ಹಾಕಿಸಿಕೊಂಡಿದೆ. ನನಗೊಂದು ಮೆಮೊ ಬಂದಿದೆ, ವಾಲ್ವ್ ಮುಚ್ಚಿದ್ದಕ್ಕೆ ವಿವರಣೆ ಕೊಡಬೇಕಂತೆ. ಗುರುವಾರ ವಿಚಾರಣೆ. ಲಾಗ್‌ಬುಕ್ಕಿನ ಆ ಪುಟ ಇದ್ದದ್ದರಿಂದ ದೇವರಾಜು ಸಾರಿಗೂ ಮೆಮೊ ಬಂದಿದೆ. ಅವರು ಶುಕ್ರವಾರ ಪಂಪ್‌ಹೌಸಿಗೆ ಬಂದು, ಸ್ಟೂಲಿನ ಮೇಲೆ ಕೂತು, “ಯಮುನಾ, ಗೊತ್ತಾಗದೆ ಮುಚ್ಚಿಬಿಟ್ಟೆ ಅಂತ ಒಂದ್ ಸಾಲು ಬರ್ದುಕೊಟ್ಬಿಡಿ. ನಿಮ್ಗೂ ಸಲೀಸು, ಎಲ್ರಿಗೂ ಸಲೀಸು,” ಎಂದರು. ನಾನು ಎದ್ದು ಹೊರಗೆ ಹೋಗಿ ನಿಂತೆ. ಅವರ ಮೇಲೆ ಕೈ ಮಾಡಿಬಿಡುತ್ತೇನೇನೋ ಎಂದು ಭಯವಾಯಿತು.

ನಾನು ನಾಲ್ಕು ಪುಟ ಬರೆದುಕೊಟ್ಟಿದ್ದೇನೆ. ರಬ್ಬರು, ಐದು ಇಂಡೆಂಟ್, ಕೋತಿ, ನಾನು ಮುಚ್ಚಿದ್ದು, ಚೀಟಿ ಕಟ್ಟಿದ್ದು, ಎಲ್ಲ. ಆಡಿಟಿಗೆ ಬಂದವರು ಚೀಟಿ ಬಿಚ್ಚಿ ಜೇಬಿಗೆ ಹಾಕಿಕೊಂಡದ್ದನ್ನೂ, ಅವರು ನನ್ನ ತಮ್ಮ ಎಂಬುದನ್ನೂ ಬರೆದಿದ್ದೇನೆ. ನಿನ್ನೆ ಕೊಟ್ಟಾಯಿತು. ಕೊಡುವ ಮುಂಚೆ ನಿನ್ನನ್ನು ಕೇಳಬೇಕಿತ್ತಾ ಎಂದು ರಾತ್ರಿಯೆಲ್ಲಾ ಅಂದುಕೊಂಡೆ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನಾನು ಆದರೂ ಕೊಡುತ್ತಿದ್ದೆ, ಆಗ ಇನ್ನೂ ಕೆಟ್ಟದಾಗಿರುತ್ತಿತ್ತು. ನಿನ್ನ ಕೆಲಸಕ್ಕೆ ಏಟು ಬೀಳಬಹುದು ಎಂದು ನನಗೆ ಗೊತ್ತು. ಗಂಡನ ಕೆಲಸಕ್ಕೆ ಕುತ್ತು ತಂದವಳನ್ನು ದಿವ್ಯಶ್ರೀ ಮನೆಯೊಳಗೆ ಸೇರಿಸುತ್ತಾಳೋ ಇಲ್ಲವೋ. ಆದರೆ ನೀನು ಬರೆದ ಆ ಒಂದು ಸಾಲಿನ ಮೇಲೆ ಆರು ದಿನ ಟ್ಯಾಂಕರುಗಳು ಇಳಿದಿವೆ, ತೀರ್ಥ. ನಾನು ಮುಚ್ಚಿದ್ದು ಕಬ್ಬಿಣದ ಚಕ್ರ, ಅದನ್ನು ಮತ್ತೆ ತಿರುಗಿಸಬಹುದಿತ್ತು.

ಇದು ನಾಳೆಯ ಸ್ಪೀಡ್ ಪೋಸ್ಟಿನಲ್ಲಿ ಹೊರಟು ಮಂಗಳವಾರ ನಿನ್ನ ಕೈ ಸೇರುತ್ತದೆ, ನಿಮ್ಮ ಕಂಪನಿಯವರಿಗೆ ಬುಧವಾರದೊಳಗೆ ನೀನೇ ಹೇಳು. ಅವರು ಬೇರೆಯವರ ಬಾಯಿಂದ ಕೇಳುವ ಹಾಗೆ ಮಾಡಬೇಡ. ಕೆಂಪು ಚೀಟಿ ಇನ್ನೂ ಇದ್ದರೆ ಗುರುವಾರ ತಾ. ಎಸೆದಿದ್ದರೆ ಎಸೆದೆ ಎನ್ನು. ಇಲ್ಲಿಗೆ ಬಂದರೆ ಊಟಕ್ಕೆ ನಮ್ಮ ಮನೆಗೇ ಬರಬೇಕು, ಬೇರೆ ಕಡೆ ತಿಂದೆಯೆಂದು ಗೊತ್ತಾದರೆ ಅದಕ್ಕೂ ಬೈಯುತ್ತೇನೆ.

ಅವ್ವನ ಮಂಡಿಗೆ ಎಣ್ಣೆ ಕಳಿಸುತ್ತೇನೆ. ಮೋಕ್ಷಿತಾ ಚೆನ್ನಾಗಿ ಓದಲಿ. ದಿವ್ಯಶ್ರೀಗೆ ನನ್ನ ಆಶೀರ್ವಾದ ಹೇಳು, ಅವಳು ಕೇಳಿಸಿಕೊಳ್ಳುವ ಮನಸ್ಸಿನಲ್ಲಿದ್ದರೆ. ನಿನಗೆ ಒಳ್ಳೆಯದಾಗಲಿ ಎಂದು ಇವತ್ತೂ ದೀಪ ಹಚ್ಚಿದೆ, ಸಿಟ್ಟಿನಲ್ಲಿಯೇ ಹಚ್ಚಿದೆ. ಅದೇನೂ ಕಮ್ಮಿ ಉರಿಯಲಿಲ್ಲ.

ನಿನ್ನ ಅಕ್ಕ,
ಯಮುನ

ತಾ.ಕ.: ಕಾಗದ ಮಡಿಚಿ ಕವರಿಗೆ ಹಾಕಿದ್ದೆ, ಮತ್ತೆ ತೆಗೆದೆ. ಇದನ್ನು ಬರೆಯುವುದು ಬೇಡವೆಂದಿದ್ದೆ. ದೇವರಾಜು ಸಾರ್ ‘ಗೊತ್ತಾಗದೆ ಮುಚ್ಚಿದೆ’ ಎಂದು ಬರೆಯಿರಿ ಎಂದಾಗ, ‘ನಾನು ಫಿಟ್ಟರ್ ಸಾರ್, ನನಗೆ ಗೊತ್ತಾಗದೆ ಮುಚ್ಚುವುದು ಹೇಗೆ’ ಎಂದು ಕೇಳಿದೆ. ಅದಕ್ಕೆ ಅವರು ಹೇಳಿದರು: “ನಿಮ್ ತಮ್ಮನೇ ಅವತ್ತು ಹೇಳಿದ್ರಲ್ರೀ. ‘ಅಕ್ಕ ಅಷ್ಟು ಓದಿದವಳಲ್ಲ, ಇದರ ವಿಷಯ ಅವಳಿಗೆ ತಿಳಿಯಲ್ಲ, ಯಾರೋ ಹೇಳಿದ್ರು ಅಂತ ತಿರುಗಿಸಿಬಿಟ್ಟಿದ್ದಾಳೆ, ಬಿಟ್ಬಿಡಿ ಸಾರ್’ ಅಂತ.” ಹೊರಗೆ ಹೋಗಿ ನಿಂತದ್ದು ಆಗ. ಮಡಿಕೇರಿಯ ಐಟಿಐನಲ್ಲಿ ಫಿಟ್ಟರ್ ಟ್ರೇಡಿಗೆ ಸೇರಿದ್ದ ಒಬ್ಬಳೇ ಹುಡುಗಿ ನಾನು. ನಿನ್ನ ಡಿಪ್ಲೊಮಾದ ಎರಡನೇ ವರ್ಷ ನೀನು ಪಂಪಿನ ಡ್ರಾಯಿಂಗ್ ಅರ್ಥವಾಗದೆ ಅಳುತ್ತಿದ್ದಾಗ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೇಳಿಕೊಟ್ಟವಳು ಯಾರೆಂದು ನೀನು ಮರೆತಿರಬಹುದು. ನನ್ನನ್ನು ಉಳಿಸಲು ಹಾಗೆ ಹೇಳಿದೆ, ಗೊತ್ತು. ಮುಚ್ಚಿದ್ದಕ್ಕೆ ಅವರು ಏನು ಶಿಕ್ಷೆ ಕೊಟ್ಟರೂ ತೆಗೆದುಕೊಳ್ಳುತ್ತೇನೆ. ಗುರುವಾರ ನನ್ನ ಪರವಾಗಿ ಒಂದು ಮಾತೂ ಆಡಬೇಡ. ಹೆಲ್ಮೆಟ್ ಹಾಕಿಕೊಂಡು ಬಂದು, ಎಲ್ಲರ ಮುಂದೆ, ‘ಈ ವಾಲ್ವನ್ನು ಯಾಕೆ ಮುಚ್ಚಿದಿರಿ’ ಎಂದು ನನ್ನನ್ನು ಕೇಳು. ಅವತ್ತು ಶೆಡ್ಡಿನಲ್ಲಿ ನೀನು ಅದೊಂದನ್ನು ಕೇಳಲೇ ಇಲ್ಲ.